ಅಂಕಿ ಹೇಳುವಂತಿಲ್ಲ

ದರ್ಜಿಯ ಮುಂದೆ ನಿಂತು ಪ್ಯಾಂಟಿಗೆ ಅಳತೆ ಕೊಡುವಾಗ ಹೊಟ್ಟೆಯನ್ನು ತುಸು ಒಳಗೆಳೆದುಕೊಳ್ಳದ ಗಂಡಸನ್ನು ನಾನಂತೂ ಕಂಡಿಲ್ಲ. ನಾನೂ ಎಳೆದುಕೊಳ್ಳುತ್ತೇನೆ. ನಮ್ಮ ಬೀದಿಯ ದರ್ಜಿಗೆ ಇದೆಲ್ಲ ಗೊತ್ತು. ‘ಉಸಿರು ಬಿಡಿ ಸಾರ್, ನಾಳೆ ಹಾಕ್ಕೊಳ್ಳೋರು ನೀವೇ ತಾನೇ’ ಎಂದು ಟೇಪನ್ನು ಎರಡು ಬೆರಳು ಸಡಿಲ ಬಿಟ್ಟೇ ಬರೆದುಕೊಳ್ಳುತ್ತಾರೆ. ಅಮೆರಿಕದ ಸೇನೆಯಲ್ಲೂ ಇಂಥದೇ ಒಂದು ಟೇಪಿದೆ. ಅಲ್ಲಿ ಎರಡು ಬೆರಳು ಸಡಿಲ ಬಿಡುವವರು ಯಾರೂ ಇಲ್ಲ.

ಆ ಟೇಪಿನ ಕಥೆ ಹೀಗೆ. ಪ್ರತಿ ಸೈನಿಕನಿಗೂ ಎತ್ತರಕ್ಕೆ ತಕ್ಕ ತೂಕದ ಒಂದು ಪಟ್ಟಿ ಇರುತ್ತಿತ್ತು. ತೂಕ ಅದನ್ನು ಮೀರಿದರೆ ಟೇಪು ಹೊರಬರುತ್ತಿತ್ತು. ಎಷ್ಟೋ ವರ್ಷ ಗಂಡಸರಿಗೆ ಕುತ್ತಿಗೆ ಮತ್ತು ಸೊಂಟ, ಹೆಂಗಸರಿಗೆ ಕುತ್ತಿಗೆ, ಸೊಂಟ, ನಿತಂಬ ಅಳೆದು, ಸೂತ್ರವೊಂದಕ್ಕೆ ಹಾಕಿ, ಮೈಯಲ್ಲಿ ಶೇಕಡಾ ಎಷ್ಟು ಕೊಬ್ಬಿದೆ ಎಂದು ತೀರ್ಮಾನಿಸುತ್ತಿದ್ದರು. ಈ ಬಗೆಯ ಸೂತ್ರವನ್ನು 1984ರಲ್ಲಿ ಸ್ಯಾನ್ ಡಿಯಾಗೊದಲ್ಲಿರುವ ನೌಕಾಪಡೆಯ ಸಂಶೋಧನಾ ಕೇಂದ್ರದಲ್ಲಿ ಕಟ್ಟಿದ್ದರು. ಅದರಲ್ಲೊಂದು ತಮಾಷೆ ಇತ್ತು: ಕುತ್ತಿಗೆ ದಪ್ಪವಿದ್ದಷ್ಟೂ ಕೊಬ್ಬಿನ ಲೆಕ್ಕ ಕಡಿಮೆ ಬರುತ್ತಿತ್ತು. ಹಾಗಾಗಿ ಕುತ್ತಿಗೆ ದಪ್ಪ ಮಾಡಿಕೊಳ್ಳಲೆಂದೇ ಕಸರತ್ತು ಮಾಡುವ, ಅಳೆಯುವ ಹೊತ್ತಿಗೆ ಕುತ್ತಿಗೆ ಬಿಗಿಹಿಡಿದು ನಿಲ್ಲುವ ಸೈನಿಕರು ಹುಟ್ಟಿಕೊಂಡರು. ಭೂಸೇನೆ 2023ರಲ್ಲಿ ಕುತ್ತಿಗೆಯನ್ನು ಕೈಬಿಟ್ಟು, ಹೊಕ್ಕುಳದ ಸುತ್ತ ಒಂದೇ ಅಳತೆ ಸಾಕು ಎಂದಿತು. ಗಮನವೆಲ್ಲ ಕುತ್ತಿಗೆಯಿಂದ ಹೊಕ್ಕುಳಕ್ಕೆ ಇಳಿಯಿತು, ಅಷ್ಟೆ.

ಟೇಪಿನಲ್ಲಿ ಫೇಲಾದರೆ ಸೈನಿಕನ ಕಡತಕ್ಕೆ ‘ಫ್ಲ್ಯಾಗ್’ ಬೀಳುತ್ತದೆ. ಅದು ಇರುವಷ್ಟು ದಿನ ಬಡ್ತಿ ಇಲ್ಲ, ಮುಂದಿನ ತರಬೇತಿಗೆ ಕಳಿಸುವುದಿಲ್ಲ. ತೂಕ ಇಳಿಸುವ ಕಾರ್ಯಕ್ರಮಕ್ಕೆ ಹೆಸರು ಬರೆಸಬೇಕು. ಅಲ್ಲೂ ಇಳಿಯದಿದ್ದರೆ ಮನೆಗೆ. ಹಾಗಾಗಿ ಟೇಪಿನ ದಿನ ಹತ್ತಿರ ಬಂದಂತೆ ಬ್ಯಾರಕ್ಕುಗಳಲ್ಲಿ ಏನೇನೋ ಗುಟ್ಟಾಗಿ ನಡೆಯುತ್ತದೆ. ಯಾರು ಊಟ ಬಿಟ್ಟರು, ಯಾರು ಯಾವ ಮಾತ್ರೆ ನುಂಗಿದರು ಎಂಬ ವಿವರಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಯಾಕೆ ಬರೆಯುವುದಿಲ್ಲ ಎಂಬುದು ಮುಂದೆ ಬರುತ್ತದೆ. ಬಹಳ ಜನರಿಗೆ ಇದು ಪರೀಕ್ಷೆಗೆ ಮುಂಚಿನ ರಾತ್ರಿ ನಿದ್ದೆಗೆಟ್ಟು ಓದಿದಂತೆ, ಟೇಪು ಸುತ್ತಿ ಬಿಚ್ಚಿದ ಮೇಲೆ ಮುಗಿಯಿತು. ಕೆಲವರಿಗೆ ಮಾತ್ರ ಮುಗಿಯುವುದಿಲ್ಲ.

ಆ ಕೆಲವರ ಕಾಯಿಲೆಗೆ ವೈದ್ಯರು ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಬಳಕೆಯ ಹೆಸರೇ ಇಲ್ಲ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ನಂಬಿದವರು ನಾವು. ಊಟವೇ ರೋಗವಾಗುವುದು ನಮಗೆ ಕೊಬ್ಬಿನ ಮಾತಾಗಿ, ಉಂಡು ಹೆಚ್ಚಾದವರ ಚೇಷ್ಟೆಯಾಗಿ ಕೇಳಿಸುತ್ತದೆ. ಆದರೆ ಮನೋರೋಗಗಳಲ್ಲೇ ಜೀವಕ್ಕೆ ಹೆಚ್ಚು ಅಪಾಯ ತರುವವುಗಳಲ್ಲಿ ಇದೂ ಒಂದು. ಅನೊರೆಕ್ಸಿಯಾದಲ್ಲಿ ಮನುಷ್ಯ ಎಲುಬುಗೂಡಾದರೂ ಕನ್ನಡಿಯಲ್ಲಿ ದಪ್ಪಗೆ ಕಾಣುತ್ತಾನೆ. ಬುಲಿಮಿಯಾದಲ್ಲಿ ಮಿತಿ ತಪ್ಪಿ ತಿಂದು, ತಿಂದದ್ದನ್ನು ಹೇಗಾದರೂ ಹೊರಹಾಕುವ ಚಕ್ರ. ಇನ್ನೊಂದು ಬಿಂಜ್ ಈಟಿಂಗ್: ಹೊಟ್ಟೆ ಬಿರಿದರೂ ಕೈ ನಿಲ್ಲದು, ಆಮೇಲೆ ಉಳಿಯುವುದು ನಾಚಿಕೆ ಮಾತ್ರ. ಅಮೆರಿಕದ ಮನೋವೈದ್ಯರ ಕೈಪಿಡಿ ಈ ಮೂರನೆಯದಕ್ಕೆ ಪ್ರತ್ಯೇಕ ಕಾಯಿಲೆಯೆಂಬ ಸ್ಥಾನ ಕೊಟ್ಟದ್ದು 2013ರಲ್ಲಿ. ಗಂಡಸರಲ್ಲಿ, ಮಾಜಿ ಸೈನಿಕರಲ್ಲಿ ಹೆಚ್ಚು ಸಿಗುವುದೂ ಇದೇ. ನೋಡಿದವರು ಯಾರೂ ಕಾಯಿಲೆ ಎನ್ನುವುದಿಲ್ಲ. ‘ರಿಟೈರ್ ಆದ್ಮೇಲೆ ಮೈ ಬಂದಿದೆ’ ಎನ್ನುತ್ತಾರೆ.

ಇದೆಲ್ಲ ಮನಸ್ಸು ಗಟ್ಟಿಯಿಲ್ಲದವರ ಪಾಡು ಎಂದುಕೊಳ್ಳುವವರಿಗೆ ಒಂದು ಹಳೆಯ ಪ್ರಯೋಗವನ್ನು ನೆನಪಿಸಬೇಕು. ಅದೂ ಯುದ್ಧಕಾಲದ್ದೇ. 1944ರ ನವೆಂಬರಿನಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಸ್ಟೇಡಿಯಂನ ಕೆಳಗಿದ್ದ ಕೋಣೆಗಳಿಗೆ 36 ಯುವಕರು ಬಂದು ಸೇರಿದರು. ಎಲ್ಲರೂ ಗಟ್ಟಿಮುಟ್ಟಾದವರು, ಪರೀಕ್ಷೆ ಮಾಡಿ ಆರಿಸಿದವರು. ಕೊಲ್ಲುವುದು ಆತ್ಮಸಾಕ್ಷಿಗೆ ಒಪ್ಪದು ಎಂದು ಬಂದೂಕು ಹಿಡಿಯಲು ನಿರಾಕರಿಸಿ, ಅದರ ಬದಲು ಹಸಿವನ್ನು ಒಪ್ಪಿಕೊಂಡವರು. ಯುದ್ಧ ಮುಗಿದಾಗ ಯುರೋಪಿನ ಹಸಿದ ಜನಕ್ಕೆ ಹೇಗೆ ಉಣಿಸಿ ಎಬ್ಬಿಸಬೇಕು ಎಂದು ತಿಳಿಯುವುದು ಪ್ರಯೋಗದ ಉದ್ದೇಶ. ನಡೆಸಿದವರು ವಿಜ್ಞಾನಿ ಆನ್ಸೆಲ್ ಕೀಸ್. ಸೈನಿಕರ ಜೇಬಿಗೆ ಕೆ-ರೇಷನ್ ಎಂಬ ಊಟದ ಪೊಟ್ಟಣ ಸೇರಿಸಿದ್ದೂ ಇವರೇ.

ಇಪ್ಪತ್ತನಾಲ್ಕು ವಾರ ಅರೆಹೊಟ್ಟೆ. ಬ್ರೆಡ್ಡು, ಆಲೂಗಡ್ಡೆ, ಟರ್ನಿಪ್ ಗಡ್ಡೆ, ಮ್ಯಾಕರೋನಿ. ವಾರಕ್ಕೆ 22 ಮೈಲಿ ನಡಿಗೆ ಬೇರೆ. ಮೈತೂಕದಲ್ಲಿ ಸುಮಾರು ಕಾಲು ಭಾಗ ಇಳಿಯಿತು. ಅದು ನಿರೀಕ್ಷಿಸಿದ್ದೇ. ತಲೆಯೊಳಗೆ ಆದದ್ದನ್ನು ಮಾತ್ರ ಯಾರೂ ನಿರೀಕ್ಷಿಸಿರಲಿಲ್ಲ. ರಾಜಕೀಯ, ಧರ್ಮ, ಹುಡುಗಿಯರು ಎಂದು ಹರಟುತ್ತಿದ್ದ ಹುಡುಗರು ಅಡುಗೆ ಪುಸ್ತಕ ಓದತೊಡಗಿದರು, ಸಂಗ್ರಹಿಸತೊಡಗಿದರು. ತಟ್ಟೆ ನೆಕ್ಕಿದರು. ಸಾರಿಗೆ ನೀರು ಬೆರೆಸಿ ಊಟವನ್ನು ಗಂಟೆಗಟ್ಟಲೆ ಎಳೆದರು. ಚೂಯಿಂಗ್ ಗಮ್ ಅಗಿದು ಅಗಿದು ಕೊನೆಗೆ ಅದಕ್ಕೂ ಮಿತಿ ಹಾಕಬೇಕಾಯಿತು. ಒಬ್ಬ ಸೌದೆ ಒಡೆಯುವಾಗ ಕೈಬೆರಳುಗಳನ್ನೇ ಕತ್ತರಿಸಿಕೊಂಡ. ಕೈತಪ್ಪಿ ಆಯಿತೋ ಬೇಕೆಂದೇ ಮಾಡಿಕೊಂಡದ್ದೋ ಅವನಿಗೇ ಹೇಳಲಾಗಲಿಲ್ಲ. ಮತ್ತೆ ಊಟ ಕೊಟ್ಟಾಗಲೂ ಹಲವರು ತಿಂದು ತಿಂದು ಹೊಟ್ಟೆ ನೋಯಿಸಿಕೊಂಡರು, ಹಸಿವು ಮಾತ್ರ ಹೋಗಲಿಲ್ಲ ಎಂದರು. ಪ್ರಯೋಗದ ವರದಿ 1950ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಬಂತು. ಈಟಿಂಗ್ ಡಿಸಾರ್ಡರ್‌ಗೆ ಚಿಕಿತ್ಸೆ ಕೊಡುವವರು ಇವತ್ತಿಗೂ ಅದನ್ನು ತೆರೆಯುತ್ತಾರೆ. ನೆಟ್ಟಗಿದ್ದ ತಲೆಯನ್ನೂ ಹಸಿವು ಹೀಗೆ ತಿರುಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಸಿಗುವುದು ಕಷ್ಟ. ಯುದ್ಧ ಬೇಡವೆಂದವರ ಮೈಮೇಲೆ ಬರೆದ ಪಾಠ ಈಗ ಯುದ್ಧಕ್ಕೆ ಹೋಗಿ ಬಂದವರಿಗೆ ಉಪಯೋಗಕ್ಕೆ ಬರುತ್ತಿದೆ.

ಟೇಪಿನ ದಿನಕ್ಕಾಗಿ ಮೈ ಒಣಗಿಸಿಕೊಂಡವರಿಗೂ ಮುಂದೆ ಇಂಥದೇ ಪಾಡು. ಯೇಲ್ ವಿಶ್ವವಿದ್ಯಾಲಯ ಮತ್ತು ಕನೆಕ್ಟಿಕಟ್‌ನ ಮಾಜಿ ಸೈನಿಕರ ಆಸ್ಪತ್ರೆಯ ಮನೋವಿಜ್ಞಾನಿ ರಾಬಿನ್ ಮಾಶೆಬ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಹೇಳುತ್ತದೆ. ಸೇವೆಯಲ್ಲಿದ್ದಾಗ ತೂಕಕ್ಕೆ ಹೊಂದಲು ಮೈಯನ್ನು ಹಿಂಡಿಕೊಂಡವರಲ್ಲಿ ಮುಂದೆ ಬಿಂಜ್ ಈಟಿಂಗ್ ಹೆಚ್ಚು ಕಂಡಿತ್ತು. ಸೇನೆಯಲ್ಲಿ ಇದರ ಜೊತೆಗೆ ಇನ್ನೂ ಕೆಲವು ಸೇರುತ್ತವೆ. ತರಬೇತಿಯ ದಿನಗಳಲ್ಲಿ ಊಟಕ್ಕೆ ಸಿಗುವುದು ಕೆಲವೇ ನಿಮಿಷ. ಅಗಿಯುವ ಮುನ್ನ ನುಂಗಬೇಕು. ಆ ಅಭ್ಯಾಸ ಸಮವಸ್ತ್ರ ಕಳಚಿದ ಮೇಲೂ ಕಳಚುವುದಿಲ್ಲ. ಯುದ್ಧದ ಆಘಾತ ಒಂದು. ಜೊತೆಯವರಿಂದಲೇ ಆದ ಲೈಂಗಿಕ ದೌರ್ಜನ್ಯ ಇನ್ನೊಂದು, ಮಾಜಿ ಸೈನಿಕರ ಈಟಿಂಗ್ ಡಿಸಾರ್ಡರ್‌ಗಳಿಗೆ ಇದರ ನಂಟು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಬದುಕಿನಲ್ಲಿ ಯಾವುದೂ ಕೈಯಲ್ಲಿಲ್ಲ ಅನ್ನಿಸಿದವರಿಗೆ ತಟ್ಟೆಯೊಂದಾದರೂ ತಮ್ಮ ಕೈಯಲ್ಲಿದೆ ಎನ್ನಿಸುವುದುಂಟು.

ಇನ್ನೂ ಒಂದು ವಿಷಯವಿದೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಸೇನೆಯಲ್ಲಿ ಈ ಕಾಯಿಲೆ ಶಿಸ್ತಿನ ವೇಷದಲ್ಲಿ ಬರುತ್ತದೆ. ನಸುಕಿನ ನಾಲ್ಕಕ್ಕೆ ಎದ್ದು ಎಲ್ಲರಿಗಿಂತ ಎರಡು ಸುತ್ತು ಹೆಚ್ಚು ಓಡುವವಳನ್ನು, ಮೆಸ್ಸಿನಲ್ಲಿ ಸಿಹಿ ಮುಟ್ಟದವನನ್ನು ಮೇಲಧಿಕಾರಿ ಹೊಗಳುತ್ತಾನೆಯೇ ಹೊರತು ಡಾಕ್ಟರ ಹತ್ತಿರ ಕಳಿಸುವುದಿಲ್ಲ. ರಕ್ಷಣಾ ಸಚಿವ ಪೀಟ್ ಹೆಗ್ಸೆತ್ 2025ರ ಸೆಪ್ಟೆಂಬರ್ 30ರಂದು ವರ್ಜೀನಿಯಾದ ಕ್ವಾಂಟಿಕೋದಲ್ಲಿ ದೇಶದ ಜನರಲ್‌ಗಳನ್ನೂ ಅಡ್ಮಿರಲ್‌ಗಳನ್ನೂ ಎದುರಿಗೆ ಕೂರಿಸಿಕೊಂಡು, ದಪ್ಪ ಸೈನಿಕರನ್ನೂ ದಪ್ಪ ಜನರಲ್‌ಗಳನ್ನೂ ಸಹಿಸಲಾಗದು, ವರ್ಷಕ್ಕೆ ಎರಡು ಬಾರಿ ಎತ್ತರ-ತೂಕದ ಲೆಕ್ಕಕ್ಕೆ ಎಲ್ಲರೂ ನಿಲ್ಲಬೇಕು ಎಂದರು. ಸೈನಿಕನ ಮೈ ಗಟ್ಟಿಯಿರಬೇಕು ಎಂಬುದರಲ್ಲಿ ತಕರಾರಿಲ್ಲ. ಅಂಥ ಭಾಷಣದ ದಿನ ಗುಟ್ಟಾಗಿ ಊಟ ಬಿಡುತ್ತಿರುವವಳ ಕಿವಿಗೆ ಅದು ಹೇಗೆ ಬಿದ್ದಿರಬಹುದು ಎಂದು ಯೋಚಿಸುತ್ತೇನೆ, ಅಷ್ಟೇ.

ಲೆಕ್ಕ ಎಷ್ಟು? ಸೇನೆಯ ಆರೋಗ್ಯ ಕಣ್ಗಾವಲು ಮಾಸಿಕ 2018ರಲ್ಲಿ ಕೊಟ್ಟ ಅಂಕಿ ಹೀಗಿದೆ: 2013ರಿಂದ 2017ರವರೆಗೆ ಹಾಲಿ ಸೇವೆಯಲ್ಲಿದ್ದ 1,788 ಮಂದಿಯಲ್ಲಿ ಈಟಿಂಗ್ ಡಿಸಾರ್ಡರ್ ಹೊಸದಾಗಿ ಪತ್ತೆಯಾಯಿತು. ಹೆಂಗಸರಲ್ಲಿ ಪ್ರಮಾಣ ಗಂಡಸರಿಗಿಂತ 11 ಪಟ್ಟು ಹೆಚ್ಚು. ಪಡೆಗಳಲ್ಲಿ ಮರೀನ್ ಕೋರ್ ಮುಂದು. ಹದಿಮೂರು ಲಕ್ಷದಷ್ಟು ಸೈನಿಕರಿರುವಲ್ಲಿ ಇದು ತೀರಾ ಸಣ್ಣ ಅಂಕಿ ಎನಿಸಬಹುದು. ನೆನಪಿಡಬೇಕಾದ್ದು, ಇದು ಡಾಕ್ಟರ ಮುಂದೆ ಬಾಯಿಬಿಟ್ಟವರ ಲೆಕ್ಕ. ಬಾಯಿಬಿಡದಿರಲು ಅಲ್ಲಿ ಕಾರಣಗಳು ಬೇಕಾದಷ್ಟಿವೆ.

ಮೊದಲನೆಯದು ಗೇಟಿನಲ್ಲೇ ಶುರು. ಹಿಂದೆ ಈಟಿಂಗ್ ಡಿಸಾರ್ಡರ್ ಇದ್ದವರನ್ನು ವಿಶೇಷ ವಿನಾಯಿತಿ ಇಲ್ಲದೆ ಸೇನೆಗೆ ತೆಗೆದುಕೊಳ್ಳುವುದಿಲ್ಲ. ಹದಿನೈದರ ವಯಸ್ಸಿನಲ್ಲಿ ಅನೊರೆಕ್ಸಿಯಾ ಬಂದು ವಾಸಿಯಾದ ಹುಡುಗಿ ಹತ್ತೊಂಬತ್ತಕ್ಕೆ ಅರ್ಜಿ ತುಂಬುವಾಗ ಆ ಅಂಕಣದಲ್ಲಿ ‘ಇಲ್ಲ’ ಎಂದು ಗುರುತು ಹಾಕಿದಳೆನ್ನಿ. ಮೂರು ವರ್ಷದ ಮೇಲೆ ಕಾಯಿಲೆ ಮರುಕಳಿಸಿದರೆ ಸೇನೆಯ ಡಾಕ್ಟರಿಗೆ ಹೇಗೆ ಹೇಳುವುದು? ಹೇಳಿದರೆ ಮೋಸದಿಂದ ಸೇರಿದವಳು ಎಂಬ ಆರೋಪ ಎದುರಿಗಿದೆ. ಸೇರಿದ ಮೇಲೆ ಕಾಯಿಲೆ ಬಂದವರಿಗೂ ಮೇಲಧಿಕಾರಿಯ ಕಿವಿಗೆ ಬೀಳುವ ಹೆದರಿಕೆ. ನಿಯಮದ ಪ್ರಕಾರ ಮನೋವೈದ್ಯರು ಎಲ್ಲವನ್ನೂ ಮೇಲಧಿಕಾರಿಗೆ ಒಪ್ಪಿಸಬೇಕಿಲ್ಲ, ಒಪ್ಪಿಸಲೂಬಾರದು. ಆದರೆ ಪ್ರಾಣಾಪಾಯ, ಕರ್ತವ್ಯಕ್ಕೆ ತೊಂದರೆ, ಆಸ್ಪತ್ರೆಗೆ ಸೇರಿಸುವಂಥ ಸ್ಥಿತಿ ಎಂದರೆ ತಿಳಿಸಬೇಕು. ಈ ಕಾಯಿಲೆ ಬಲಿತಾಗ ಮೂರೂ ಒಟ್ಟಿಗೇ ಬರುತ್ತವೆ. ನೌಕಾಪಡೆಯ ಬ್ರ್ಯಾಂಡನ್ ಕಸೆರ್ಟ ಎಂಬ ಯುವಕ 2018ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಮೇಲೆ ತಂದೆತಾಯಿ ಹೋರಾಡಿ, ಅವನ ಹೆಸರಿನ ಕಾಯ್ದೆ ಬಂತು. ಅದರ ಪ್ರಕಾರ ಕಾರಣ ಹೇಳದೆ, ‘ನನಗೆ ಮನೋವೈದ್ಯರನ್ನು ನೋಡಬೇಕು’ ಎಂದಷ್ಟೇ ಹೇಳಿ ಸೈನಿಕ ಸಹಾಯ ಕೇಳಬಹುದು. 2023ರಿಂದ ಅದು ಜಾರಿಗೆ ಬರತೊಡಗಿದೆ. ಒಳ್ಳೆಯ ಕಾಯ್ದೆ. ಆದರೂ ಕೇಳಬೇಕಾದ್ದು ಮೇಲಧಿಕಾರಿಯನ್ನೇ.

ಲಾಭಕ್ಕಾಗಿ ನಡೆಯದ ಸಂಸ್ಥೆಗಳ ಬಾಗಿಲನ್ನು ಸೈನಿಕರು ತಟ್ಟುವುದು ಇದಕ್ಕೇ. ಅಲ್ಲಿನ ಡಾಕ್ಟರು ಹೆಚ್ಚು ಬಲ್ಲವರೆಂದಲ್ಲ. ಅಲ್ಲಿ ಹೇಳಿಕೊಂಡದ್ದು ಸೇನೆಯ ಕಡತ ಸೇರುವುದಿಲ್ಲ ಎಂದು. 2005ರಲ್ಲಿ ಮನೋವಿಜ್ಞಾನಿ ಬಾರ್ಬರಾ ವ್ಯಾನ್ ಡಾಲೆನ್ ವಾಷಿಂಗ್ಟನ್ ಬಳಿ ಶುರುಮಾಡಿದ ‘ಗಿವ್ ಆ್ಯನ್ ಅವರ್’ನ ಲೆಕ್ಕಾಚಾರ ಬಹಳ ಸರಳ: ಊರೂರಿನ ಚಿಕಿತ್ಸಕರು ವಾರಕ್ಕೊಂದು ಗಂಟೆಯನ್ನು ದಾನ ಕೊಡಬೇಕು, ಸೈನಿಕರಿಗೂ ಅವರ ಮನೆಯವರಿಗೂ ಆ ಗಂಟೆ ಬಿಟ್ಟಿ. ವಿಮೆಯ ಬಿಲ್ಲೂ ಇಲ್ಲ. ಈಟಿಂಗ್ ಡಿಸಾರ್ಡರ್‌ಗಳ ಕಡೆಯಲ್ಲಿ ‘ಆನ್ಯಾಡ್’ ಹಳೆಯದು, 1976ರಲ್ಲಿ ಇಲಿನಾಯ್‌ನ ನರ್ಸ್ ಒಬ್ಬರು ಕಟ್ಟಿದ್ದು. ಕಾಯಿಲೆಯಿಂದ ತಾವೇ ಎದ್ದುಬಂದ ಜೊಹಾನಾ ಕ್ಯಾಂಡೆಲ್ 2000ದಲ್ಲಿ ಫ್ಲಾರಿಡಾದಲ್ಲಿ ಕಟ್ಟಿದ ಸಂಸ್ಥೆ ಇವತ್ತು ‘ನ್ಯಾಷನಲ್ ಅಲಯನ್ಸ್ ಫಾರ್ ಈಟಿಂಗ್ ಡಿಸಾರ್ಡರ್ಸ್’. ಚಿಕಿತ್ಸಕರೇ ನಡೆಸುವ ಉಚಿತ ಗುಂಪುಗಳನ್ನು ಆನ್‌ಲೈನಿನಲ್ಲಿ ಕೂರಿಸುತ್ತದೆ. ಆಸ್ಪತ್ರೆಯಲ್ಲಿ ಪರಿಚಯವಾದ ಇಬ್ಬರು ಹುಡುಗಿಯರು 2008ರಲ್ಲಿ ಆರಂಭಿಸಿದ ‘ಪ್ರಾಜೆಕ್ಟ್ ಹೀಲ್’ ಚಿಕಿತ್ಸೆಗೆ ಹಣವಿಲ್ಲದವರ ಬೆನ್ನಿಗೆ ನಿಲ್ಲುತ್ತದೆ. ಈಚೆಗೆ ‘ಸೀ ವೇವ್ಸ್’ನಂಥ, ಸೈನಿಕರು ಮತ್ತು ಅವರ ಕುಟುಂಬಕ್ಕೆಂದೇ ಹುಟ್ಟಿದ ಪುಟ್ಟ ಸಂಸ್ಥೆಗಳೂ ಇವೆ.

ಈ ಸಂಸ್ಥೆಗಳನ್ನು ತೀರಾ ಮೇಲೆ ಕೂರಿಸುವುದೂ ಬೇಡ. ಅಮೆರಿಕದ ಅತಿ ದೊಡ್ಡ ಈಟಿಂಗ್ ಡಿಸಾರ್ಡರ್ ಸಂಸ್ಥೆ ‘ನೀಡಾ’ ಇಪ್ಪತ್ತು ವರ್ಷಕ್ಕೂ ಮೀರಿ ನಡೆಸಿದ್ದ ಸಹಾಯವಾಣಿಯನ್ನು 2023ರಲ್ಲಿ ಮುಚ್ಚಿತು. ಫೋನೆತ್ತುವ ಬೆರಳೆಣಿಕೆಯ ನೌಕರರು ಸಂಘ ಕಟ್ಟಿಕೊಂಡಿದ್ದರು, ಅದಾದ ಸ್ವಲ್ಪ ದಿನಕ್ಕೇ ಈ ನಿರ್ಧಾರ ಹೊರಬಿತ್ತು. ಸಹಾಯ ಕೇಳಿ ಬಂದವರಿಗಾಗಿ ‘ಟೆಸ್ಸಾ’ ಎಂಬ ಚಾಟ್‌ಬಾಟ್ ಇತ್ತು. ಕೆಲವೇ ದಿನಗಳಲ್ಲಿ ಗೊತ್ತಾದದ್ದು, ಅದು ಕಾಯಿಲೆಯವರಿಗೆ ದಿನಕ್ಕೆ ಎಷ್ಟು ಕ್ಯಾಲರಿ ಕಡಿಮೆ ಮಾಡಬೇಕು, ವಾರಕ್ಕೆ ಎಷ್ಟು ತೂಕ ಇಳಿಸಬಹುದು ಎಂದು ಬುದ್ಧಿ ಹೇಳುತ್ತಿದೆ ಎಂದು. ಮುಳುಗುತ್ತಿದ್ದವನ ಕೈಗೆ ಬೀಸುವ ಕಲ್ಲು ಕೊಟ್ಟಂತಾಯಿತು. ಅದನ್ನೂ ತೆಗೆದುಹಾಕಿದರು. ರಾತ್ರಿ ಎರಡು ಗಂಟೆಗೆ ಫೋನಿನ ಆಚೆ ಒಬ್ಬ ಮನುಷ್ಯ ಇರುವುದು ದುಬಾರಿಯೇ. ದಾನದ ಹಣದಲ್ಲಿ ನಡೆಯುವ ಸಂಸ್ಥೆಗೆ ಮೊದಲು ಕಣ್ಣಿಗೆ ಬೀಳುವ ಖರ್ಚೂ ಅದೇ.

ಮತ್ತೆ, ಗುಂಪಿನ ಮಾತು ಚಿಕಿತ್ಸೆಯ ಬದಲಿಯಲ್ಲ. ಕಾಯಿಲೆ ಬಲಿತವರು ತಿಂಗಳುಗಟ್ಟಲೆ ಚಿಕಿತ್ಸಾ ಕೇಂದ್ರದಲ್ಲೇ ಉಳಿಯಬೇಕಾಗುತ್ತದೆ. ಆ ಖರ್ಚು ಯಾವ ದಾನಕ್ಕೂ ನಿಲುಕದು. ಅಲ್ಲಿ ಕಾನೂನೇ ಬೇಕು, ಆ ಕಾನೂನಿಗಾಗಿ ವರ್ಷಗಟ್ಟಲೆ ಸಂಸತ್ತಿನ ಮೆಟ್ಟಿಲು ಹತ್ತಿಳಿದದ್ದು ಇದೇ ಸಂಸ್ಥೆಗಳು. ಸೈನಿಕ ಕುಟುಂಬಗಳ ವಿಮೆಯಾದ ‘ಟ್ರೈಕೇರ್’, ವಸತಿ ಸಹಿತ ಚಿಕಿತ್ಸೆಯನ್ನು 20 ವರ್ಷ ದಾಟಿದವರಿಗೆ ಕೊಡುತ್ತಿರಲಿಲ್ಲ. ಇಪ್ಪತ್ತೊಂದಕ್ಕೆ ಕಾಲಿಟ್ಟ ಮಗಳಿಗೂ ಮೂವತ್ತರ ಹೆಂಡತಿಗೂ ಬಾಗಿಲು ಮುಚ್ಚಿತ್ತು. 2022ರ ಅಕ್ಟೋಬರ್ 1ರಿಂದ ಆ ಮಿತಿ ಹೋಯಿತು.

ಹೋಗದ ವಿಚಿತ್ರಗಳೂ ಇವೆ. ಸೇವೆಯಲ್ಲಿ ತಗುಲಿದ ಕಾಯಿಲೆಗೆ ಮಾಜಿ ಸೈನಿಕರಿಗೆ ಪರಿಹಾರ ಕೊಡುವ ಪಟ್ಟಿಯಲ್ಲಿ ಅನೊರೆಕ್ಸಿಯಾಕ್ಕೆ 9520, ಬುಲಿಮಿಯಾಕ್ಕೆ 9521 ಎಂಬ ಸಂಖ್ಯೆಗಳಿವೆ. ಮೇಲಿನ ದರ್ಜೆಯ ಪರಿಹಾರ ಸಿಗಬೇಕಾದರೆ ಮೈತೂಕ ಇರಬೇಕಾದ ಕನಿಷ್ಠ ಮಟ್ಟದ ಶೇ 85ಕ್ಕಿಂತ ಕೆಳಗಿರಬೇಕು, ಪೂರ್ತಿ ಸಿಗಲು ಶೇ 80ಕ್ಕಿಂತಲೂ ಕೆಳಗೆ. ಅಂದರೆ ಸೇವೆಯಲ್ಲಿದ್ದಾಗ ‘ಹೆಚ್ಚಾಯಿತು’ ಎಂದು ಹೆದರಿಸಿದ ತಕ್ಕಡಿಯೇ ನಿವೃತ್ತಿಯ ಮೇಲೆ ‘ಇನ್ನೂ ಸಾಲದು’ ಎನ್ನುತ್ತದೆ.

ನಮ್ಮಲ್ಲಿ? ಸೈನ್ಯಭರ್ತಿ ರ‍್ಯಾಲಿಗೆ ಹೋಗುವ ಹುಡುಗರು ಬೆಳಗ್ಗೆ ಡಜನ್‌ಗಟ್ಟಲೆ ಬಾಳೆಹಣ್ಣು ತಿಂದು ನೀರು ಕುಡಿದು ತೂಕಕ್ಕೆ ನಿಲ್ಲುವ ಕಥೆ ಬೆಳಗಾವಿ, ಕೊಡಗಿನ ಕಡೆಯವರಿಗೆ ಹೊಸದಲ್ಲ. ಸೇರಿದ ಮೇಲೆ ಆತಂಕ ತಿರುವುಮುರುವು. ಬೊಜ್ಜು ಬಂದರೆ ಪೂರ್ತಿ ಆರೋಗ್ಯವಂತನೆಂಬ ‘ಶೇಪ್-1’ ದರ್ಜೆ ಹೋಗುತ್ತದೆ, ಲೋ ಮೆಡಿಕಲ್ ಕೆಟಗರಿ ಎಂಬ ಮುದ್ರೆ ಬೀಳುತ್ತದೆ. ಆ ‘ಶೇಪ್’ನ ಮೊದಲ ಅಕ್ಷರ ‘ಎಸ್’ ಮನಸ್ಸಿಗೆ ಸಂಬಂಧಿಸಿದ್ದು, ಅಲ್ಲಿ ಒಂದು ಅಂಕಿ ಬದಲಾದರೂ ನೆಮ್ಮದಿ ಕೆಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು ನಡೆಸುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್ 10ರಂದು ಶುರುವಾಯಿತು. 2023ರ ಡಿಸೆಂಬರಿನಲ್ಲಿ ಸೈನಿಕರಿಗೂ ಅವರ ಕುಟುಂಬಕ್ಕೂ ಅದರದೇ ವಿಶೇಷ ಘಟಕ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ತೆರೆಯಿತು. ಸೈನಿಕನ ಸಂಕಟ ಬಲ್ಲವರೇ ಫೋನೆತ್ತುವುದು ಒಳ್ಳೆಯದೇ. ಅಲ್ಲಿಯೂ ಫೋನ್ ಮಾಡುವವನ ಮೊದಲ ಪ್ರಶ್ನೆ ಅದೇ ಇದ್ದೀತು: ‘ಇದು ಯೂನಿಟ್‌ಗೆ ಗೊತ್ತಾಗುತ್ತಾ ಸಾರ್?’

ಅಮೆರಿಕದ ಆ ಗುಂಪುಗಳಿಗೆ ಮರಳುತ್ತೇನೆ. ಈಟಿಂಗ್ ಡಿಸಾರ್ಡರ್ ಗುಂಪುಗಳಲ್ಲಿ ಎಲ್ಲೆಡೆ ಸಾಮಾನ್ಯವಾಗಿ ಇರುವ ಒಂದು ನಿಯಮವನ್ನು ಕೂತ ತಕ್ಷಣ ನಡೆಸುವವರು ನೆನಪಿಸುತ್ತಾರೆ: ಅಂಕಿ ಹೇಳುವಂತಿಲ್ಲ. ನನ್ನ ತೂಕ ಇಷ್ಟಿತ್ತು, ಇಷ್ಟು ಕ್ಯಾಲರಿ ತಿಂದೆ, ಈ ಅಳತೆಯ ಪ್ಯಾಂಟು, ಇಷ್ಟು ಮೈಲಿ ಓಟ, ಯಾವುದೂ ಇಲ್ಲ. ತೂಕ ಇಳಿಸಲು ಏನು ಮಾಡಿದೆ ಎಂಬ ವಿವರವೂ ಬೇಡ. ಒಬ್ಬರ ಅಂಕಿ ಇನ್ನೊಬ್ಬರಿಗೆ ಗುರಿಯಾಗುತ್ತದೆ, ಒಬ್ಬರ ಉಪಾಯ ಇನ್ನೊಬ್ಬರಿಗೆ ಪಾಠ. ಮೇಲೆ ನಾನು ಬರೆಯಲಿಲ್ಲ ಎಂದದ್ದು ಇದಕ್ಕೆ.

ಸೈನಿಕನಿಗೆ ಇದು ಮೊದಮೊದಲು ಕಷ್ಟವಾಗದೆ ಇರದು. ಅವನ ಬದುಕೇ ಅಂಕಿ. ಸೇವಾ ಸಂಖ್ಯೆ, ಓಟದ ಸಮಯ, ಗುರಿಗೆ ಬಿದ್ದ ಗುಂಡು, ಹೊಕ್ಕುಳದ ಸುತ್ತಳತೆ. ತನ್ನ ಬಗ್ಗೆ ಮಾತಾಡು ಎಂದರೆ ನಾಲಿಗೆ ತಾನಾಗಿ ಅತ್ತ ಹೋಗುತ್ತದೆ. ನಡೆಸುವವರು ಮೆಲ್ಲಗೆ ತಡೆಯುತ್ತಾರೆ. ಅವನು ಸ್ವಲ್ಪ ಹೊತ್ತು ಸುಮ್ಮನಾಗುತ್ತಾನೆ. ರ‍್ಯಾಂಕ್ ಹೇಳಬೇಕಿಲ್ಲ, ಯೂನಿಟ್ ಹೇಳಬೇಕಿಲ್ಲ, ಮೊದಲ ಹೆಸರೊಂದು ಸಾಕು. ಬೇಕಿದ್ದರೆ ಕ್ಯಾಮೆರಾ ಆಫ್ ಇಟ್ಟುಕೊಂಡು ಬರೀ ಕೇಳಿಸಿಕೊಂಡರೂ ಆದೀತು.